ದೂರದ ಸವಾರಿಗೆ ಹೆಚ್ಚುವರಿ ಪೆಟ್ರೋಲ್: ಕ್ಯಾನೋ, ದೊಡ್ಡ ಟ್ಯಾಂಕೋ, ಎರಡನೇ ಟ್ಯಾಂಕೋ?

ಪ್ರವಾಸದ ಬೈಕಿಗೆ ಎರಡನೇ ಟ್ಯಾಂಕ್ ಕೂರಿಸುವ ಯೋಚನೆ ಬಂದಾಗ ಬಹುತೇಕ ಸವಾರರು ಮೊದಲು ವಿಚಾರಿಸುವುದು ಅದು ಎಷ್ಟು ಲೀಟರಿನದು ಎಂಬುದನ್ನು. ಲೀಟರಿನ ಲೆಕ್ಕಕ್ಕೆ ಹೋಗುವ ಮುನ್ನ ಇತ್ಯರ್ಥವಾಗಬೇಕಾದ ಪ್ರಶ್ನೆಗಳು ಎರಡಿವೆ: ಈಗಿರುವ ಟ್ಯಾಂಕ್ ಸಾಲದೆ ಹೋಗುವ ಸಂದರ್ಭ ವರ್ಷಕ್ಕೆ ಎಷ್ಟು ಸಲ ಬರುತ್ತದೆ, ಮತ್ತು ಹೆಚ್ಚುವರಿ ಪೆಟ್ರೋಲಿನ ಭಾರ ಬೈಕಿನ ಯಾವ ಭಾಗದ ಮೇಲೆ ಬೀಳುತ್ತದೆ. ಮೊದಲನೆಯದಕ್ಕೆ ಮುಚ್ಚುಮರೆಯಿಲ್ಲದ ಉತ್ತರ ಕೊಟ್ಟುಕೊಂಡರೆ ಬಹಳಷ್ಟು ಜನರಿಗೆ ಎರಡನೇ ಟ್ಯಾಂಕ್ ಬೇಕಾಗುವುದೇ ಇಲ್ಲ ಎಂಬುದು ನನ್ನ ಅಭಿಪ್ರಾಯ. ಬೇಕಾಗುವ ಕೆಲವರಿಗೆ ಎರಡನೆಯ ಪ್ರಶ್ನೆಯೇ ಮುಖ್ಯವಾಗುತ್ತದೆ.

ಕೊರತೆ ಎಷ್ಟು ಲೀಟರಿನದು?

ಲೆಕ್ಕವನ್ನು ಕಂಪನಿ ಹೇಳುವ ಟ್ಯಾಂಕಿನ ಗಾತ್ರದಿಂದ ಶುರುಮಾಡದೆ, ಬಳಕೆಗೆ ನಿಜವಾಗಿ ಸಿಗುವ ಪೆಟ್ರೋಲಿನಿಂದ ಶುರುಮಾಡಬೇಕು. ಪಂಪ್ ಎಳೆದುಕೊಳ್ಳಲಾಗದೆ ತಳದಲ್ಲಿ ಉಳಿಯುವ ಪಾಲನ್ನು ಕಳೆದರೆ 17 ಲೀಟರಿನ ಟ್ಯಾಂಕಿನಲ್ಲಿ 16 ಲೀಟರ್ ಸಿಗುತ್ತದೆ ಎಂದಿಟ್ಟುಕೊಳ್ಳೋಣ. ಲೀಟರಿಗೆ 24 ಕಿ.ಮೀ. ಕೊಡುವ ಬೈಕು ಅಷ್ಟರಲ್ಲಿ 384 ಕಿ.ಮೀ. ಓಡುತ್ತದೆ. ಅಲಾಸ್ಕಾದ ಡಾಲ್ಟನ್ ಹೆದ್ದಾರಿಯಲ್ಲಿ ಕೋಲ್ಡ್‌ಫುಟ್‌ನಿಂದ ಡೆಡ್‌ಹಾರ್ಸ್‌ವರೆಗೆ ಎಲ್ಲಿಯೂ ಪೆಟ್ರೋಲ್ ಸಿಗದ ದೂರ ಸುಮಾರು 385 ಕಿ.ಮೀ. ಕಾಗದದ ಮೇಲೆ ಕೂದಲೆಳೆಯ ವ್ಯತ್ಯಾಸ, ಅಷ್ಟೆ. ಆದರೆ ಜಲ್ಲಿ ರಸ್ತೆ, ಸಾಮಾನಿನ ಭಾರ, ಎದುರುಗಾಳಿ ಮೂರೂ ಸೇರಿದಾಗ ಅದೇ ಬೈಕಿನ ಮೈಲೇಜ್ 19ಕ್ಕೆ ಇಳಿದರೆ 304 ಕಿ.ಮೀ.ಗೆ ಟ್ಯಾಂಕ್ ಬರಿದಾಗುತ್ತದೆ. ಆ ಕೆಟ್ಟ ಮೈಲೇಜನ್ನೇ ಹಿಡಿದು, ದಾರಿ ತಪ್ಪಿದರೆ ಅಥವಾ ಹಿಂತಿರುಗಬೇಕಾದರೆ ಇರಲಿ ಎಂದು ದೂರಕ್ಕೆ ಶೇ 20ರಷ್ಟು ಸೇರಿಸಿದರೆ 462 ಕಿ.ಮೀ.ಗೆ ಬೇಕಾಗುವುದು ಸುಮಾರು 24.3 ಲೀಟರ್, ಅಂದರೆ ಕೊರತೆ ಎಂಟು ಚಿಲ್ಲರೆ ಲೀಟರ್ ಮಾತ್ರ. ಬಂಕುಗಳಿಲ್ಲದ ರಸ್ತೆ ಎಂದು ಹೆಸರಾದ ಕಡೆಯಲ್ಲೇ ಮಧ್ಯಮ ಗಾತ್ರದ ಬೈಕೊಂದಕ್ಕೆ ಇಷ್ಟು ಸಾಕಾಗುವಾಗ, 20 ಲೀಟರಿನ ಎರಡನೇ ಟ್ಯಾಂಕಿನ ಅಗತ್ಯವನ್ನು ಒಮ್ಮೆ ಮರುಪರಿಶೀಲಿಸುವುದು ಒಳ್ಳೆಯದು.

ವೇಗ ತಗ್ಗಿಸುವುದೂ ಒಂದು ಆಯ್ಕೆಯೇ, ಮತ್ತು ಅದಕ್ಕೆ ಸ್ಪ್ಯಾನರ್ ಹಿಡಿಯಬೇಕಾಗಿಲ್ಲ. ಗಾಳಿಯ ತಡೆ ವೇಗದ ವರ್ಗಕ್ಕೆ ಅನುಗುಣವಾಗಿ ಏರುವುದರಿಂದ ಗಂಟೆಗೆ 90 ಕಿ.ಮೀ. ಬದಲು 120 ಕಿ.ಮೀ. ವೇಗದಲ್ಲಿ ಸಾಗುವ ಬೈಕು ಸುಮಾರು 1.8 ಪಟ್ಟು ತಡೆಯನ್ನು ಎದುರಿಸಬೇಕಾಗುತ್ತದೆ. ದೂರದ ಬಂಕಿನತ್ತ ಹೋಗುವಾಗ ಮೊದಲ ನೂರು ಕಿಲೋಮೀಟರನ್ನು ನಿಧಾನವಾಗಿ ಕ್ರಮಿಸಿದರೆ ಕ್ಯಾನನ್ನು ತೆರೆಯುವ ಪ್ರಸಂಗವೇ ಬಾರದಿರಬಹುದು. ತಯಾರಕರೂ ಈ ದಿಕ್ಕಿನಲ್ಲಿ ಯೋಚಿಸಿದ್ದಾರೆ: ಹೋಂಡಾ 2018ರ ಗೋಲ್ಡ್‌ವಿಂಗ್‌ನಲ್ಲಿ ಟ್ಯಾಂಕನ್ನು 25 ಲೀಟರಿನಿಂದ 21 ಲೀಟರಿಗೆ ಇಳಿಸಿ, ಬೈಕಿನ ತೂಕವನ್ನೂ ಇಳಿಸಿ, ಏರಿದ ಮೈಲೇಜಿನಿಂದ ಆ ಕೊರತೆಯನ್ನು ತುಂಬಿಕೊಂಡಿತು.

ಕ್ಯಾನ್ ಮತ್ತು ಪೆಟ್ರೋಲ್ ಚೀಲ

ವರ್ಷಕ್ಕೆ ಒಂದೋ ಎರಡೋ ಸಲ ಮಾತ್ರ ಇಂಥ ರಸ್ತೆಗೆ ಹೋಗುವವರಿಗೆ ಪೆಟ್ರೋಲಿಗೆಂದೇ ತಯಾರಾದ ಗಟ್ಟಿ ಪ್ಲಾಸ್ಟಿಕ್ ಕ್ಯಾನುಗಳೇ ಸರಿಯಾದ ಆಯ್ಕೆ ಎಂದು ಹಿಂಜರಿಕೆಯಿಲ್ಲದೆ ಹೇಳುತ್ತೇನೆ. ಚಪ್ಪಟೆ ಆಕಾರದ, ನಡುವೆ ಲಾಕ್ ಇರುವ ಕ್ಯಾನುಗಳನ್ನು ಸೈಡ್ ಬಾಕ್ಸಿನ ಚೌಕಟ್ಟಿಗೆ ಬಿಗಿಯಬಹುದು. ಎರಡೂ ಬದಿಗೆ ನಾಲ್ಕು ನಾಲ್ಕು ಲೀಟರ್ ಹಂಚಿದರೆ ತೂಕ ಸರಿದೂಗುತ್ತದೆ, ಭಾರವೂ ಕೆಳಗೇ ಉಳಿಯುತ್ತದೆ. ಬೈಕಿನ ಇಂಧನ ವ್ಯವಸ್ಥೆಯನ್ನು ಮುಟ್ಟುವ ಪ್ರಮೇಯವೇ ಇಲ್ಲದಿರುವುದು ಇದರ ದೊಡ್ಡ ಲಾಭ. ಪ್ರವಾಸ ಮುಗಿದ ಮೇಲೆ ಬಿಚ್ಚಿಟ್ಟರೆ ಬೈಕು ಮೊದಲಿನಂತೆಯೇ ಇರುತ್ತದೆ.

ಕುಡಿಯುವ ನೀರಿನ ಕ್ಯಾನನ್ನಾಗಲಿ, ಎಣ್ಣೆಯ ಡಬ್ಬವನ್ನಾಗಲಿ ಇದಕ್ಕೆ ಬಳಸಬಾರದು. ಅವುಗಳ ಮುಚ್ಚಳದ ವಾಷರ್ ಪೆಟ್ರೋಲಿಗೆ ಊದಿಕೊಂಡು ಸೋರುತ್ತದೆ. ಪೆಟ್ರೋಲ್ ಬಿಸಿಯಾದಂತೆ ಪ್ರತಿ ಡಿಗ್ರಿಗೆ ಸುಮಾರು ಸಾವಿರಕ್ಕೊಂದು ಪಾಲು ಹಿಗ್ಗುತ್ತದೆ; ನಸುಕಿನ ಚಳಿಯಲ್ಲಿ ತುಂಬಿದ 5 ಲೀಟರ್ ಮಧ್ಯಾಹ್ನದ ಹೊತ್ತಿಗೆ 25 ಡಿಗ್ರಿ ಹೆಚ್ಚು ಬಿಸಿಯಾದರೆ ಅದಕ್ಕೆ ಇನ್ನೂ 120 ಮಿಲಿಲೀಟರಿನಷ್ಟು ಜಾಗ ಬೇಕು. ಆದ್ದರಿಂದ ಬಾಯಿವರೆಗೆ ತುಂಬದೆ ಇಪ್ಪತ್ತರಲ್ಲೊಂದು ಪಾಲಿನಷ್ಟು ಖಾಲಿ ಬಿಡಬೇಕು. ತುಂಬುವಾಗ ಕ್ಯಾನನ್ನು ಬೈಕಿನ ಮೇಲೆ ಇಟ್ಟುಕೊಂಡಿರದೆ ನೆಲದ ಮೇಲಿಟ್ಟು, ನಾಜಲ್ಲನ್ನು ಅದರ ಬಾಯಿಗೆ ತಾಗಿಸಿ ಹಿಡಿಯಬೇಕು. ಹರಿಯುವ ಪೆಟ್ರೋಲಿನಿಂದ ಹುಟ್ಟುವ ಸ್ಥಿರವಿದ್ಯುತ್ತಿನ ಕಿಡಿ ಕಡೆಗಣಿಸುವಂಥ ಅಪಾಯವಲ್ಲ. ಪೆಟ್ರೋಲಿನ ಆವಿ ಗಾಳಿಯಲ್ಲಿ ಸುಮಾರು ಶೇ 1.4ರಿಂದ 7.6ರವರೆಗೆ ಬೆರೆತಿರುವಾಗ ಹೊತ್ತಿಕೊಳ್ಳುತ್ತದೆ. ತುಂಬಿದ ಕ್ಯಾನಿನೊಳಗೆ ಆವಿ ಅದಕ್ಕಿಂತ ದಟ್ಟವಾಗಿರುತ್ತದೆ. ಸುರಿದು ಮುಗಿಸಿ ಗಾಳಿ ಒಳಹೊಕ್ಕ ಕ್ಯಾನಿನಲ್ಲಿ ಮಿಶ್ರಣ ಆ ಮಿತಿಯೊಳಗೆ ಬರುವ ಸಂಭವ ಹೆಚ್ಚು. ಖಾಲಿಯಾಯಿತಲ್ಲ ಎಂದು ಅದರ ಪಕ್ಕ ಸ್ಟವ್ ಹಚ್ಚಬಾರದು.

ಕ್ಯಾನಿನ ಅನನುಕೂಲವೆಂದರೆ ರಸ್ತೆ ಬದಿಯಲ್ಲಿ ನಿಂತು ಸುರಿಯಬೇಕಾಗುವುದು, ಮತ್ತು ಸುರಿಯುವಾಗ ಬಿಸಿ ಎಂಜಿನ್ನಿನ ಮೇಲೆ ಚೆಲ್ಲುವ ಭಯ. ಮುಖ್ಯ ಟ್ಯಾಂಕ್ ಪೂರ್ತಿ ಬರಿದಾಗುವವರೆಗೆ ಕಾಯದೆ, ಕ್ಯಾನಿನಷ್ಟು ಜಾಗ ಆದ ಕೂಡಲೇ ನೆರಳಿನಲ್ಲಿ ಹತ್ತು ನಿಮಿಷ ಎಂಜಿನ್ ಆರಿಸಿ ಸುರಿದುಕೊಂಡರೆ ಆತುರವೂ ಇರುವುದಿಲ್ಲ, ಉಳಿದ ದಾರಿಗೆ ಹೊರೆಯೂ ಕಡಿಮೆಯಾಗುತ್ತದೆ.

ಮಡಚಬಹುದಾದ ಪೆಟ್ರೋಲ್ ಚೀಲ ಇದರದೇ ಹಗುರ ರೂಪ. ಖಾಲಿಯಾದ ಮೇಲೆ ಸುತ್ತಿ ಬ್ಯಾಗಿನೊಳಗೆ ಇಡಬಹುದೆಂಬುದು ಅದರ ಆಕರ್ಷಣೆ, ಇಡೀ ಪ್ರವಾಸದಲ್ಲಿ ಒಂದೇ ಒಂದು ದೊಡ್ಡ ಅಂತರವಿದ್ದರೆ ಅದು ಸಾಕು ಕೂಡ. ಆದರೆ ಬಿಗಿದ ಪಟ್ಟಿಯ ಕೆಳಗೆ, ಕ್ಯಾರಿಯರಿನ ಚೂಪು ಅಂಚಿನ ಮೇಲೆ, ಗಂಟೆಗಟ್ಟಲೆ ಅದುರುತ್ತಾ ಉಜ್ಜಿದರೆ ಯಾವ ಹಾಳೆಯೂ ತೆಳುವಾಗುತ್ತದೆ. ದಿನವೂ ತುಂಬಿ ಓಡಾಡಲು ಅದು ತಕ್ಕುದಲ್ಲ.

ಮುಖ್ಯ ಟ್ಯಾಂಕನ್ನೇ ದೊಡ್ಡದು ಮಾಡುವುದು

ದೂರದ ಅಂತರಗಳು ವಾರಗಟ್ಟಲೆ ದಿನನಿತ್ಯ ಎದುರಾಗುವ ಪ್ರವಾಸವಾದರೆ, ಮತ್ತು ನಿಮ್ಮ ಬೈಕಿಗೆ ಅಂಥದ್ದು ಸಿಗುವುದಾದರೆ, ದೊಡ್ಡ ಟ್ಯಾಂಕಿಗೆ ಸಾಟಿಯಿಲ್ಲ. ಭಾರ ಎರಡು ಚಕ್ರಗಳ ನಡುವೆ ಇರಬೇಕಾದಲ್ಲೇ ಇರುತ್ತದೆ. ಹೊಸ ಪೈಪಿಲ್ಲ, ವಾಲ್ವಿಲ್ಲ, ಮರೆತರೆ ತೊಂದರೆ ಕೊಡುವ ಸ್ವಿಚ್ಚಿಲ್ಲ. ಕಾರ್ಖಾನೆಯಿಂದಲೇ ಈ ದಾರಿ ಹಿಡಿದ ಬೈಕುಗಳೂ ಇವೆ: ಯಮಾಹಾದ ಟೆನೆರೆ 700 ಮಾದರಿಗೆ 16 ಲೀಟರಿನ ಟ್ಯಾಂಕಿದ್ದರೆ ಅದರ ವರ್ಲ್ಡ್ ರೇಡ್ ರೂಪಕ್ಕೆ ಎರಡು ಬದಿಗೆ ಇಳಿಬಿದ್ದ 23 ಲೀಟರಿನ ಟ್ಯಾಂಕಿದೆ, ಬಿಎಂಡಬ್ಲ್ಯುದ ಆರ್ 1250 ಜಿಎಸ್ ಅಡ್ವೆಂಚರ್ 30 ಲೀಟರ್ ಹಿಡಿಸುತ್ತದೆ. ಬೈಕನ್ನೇ ಇನ್ನೂ ಕೊಂಡಿಲ್ಲದವರು ಎರಡನೇ ಟ್ಯಾಂಕಿನ ಖರ್ಚನ್ನು ಈ ಕಡೆಗೆ ತಿರುಗಿಸುವುದು ಜಾಣತನ.

ತೊಡಕುಗಳು ಇಲ್ಲವೆಂದಲ್ಲ. ಮೊಣಕಾಲುಗಳ ನಡುವೆ ಟ್ಯಾಂಕ್ ಅಗಲವಾಗುತ್ತದೆ. ಹ್ಯಾಂಡಲ್ಲನ್ನು ಪೂರ್ತಿ ತಿರುಗಿಸಿದಾಗ ಅಂಚಿಗೆ ತಾಗದಂತೆ ನೋಡಿಕೊಳ್ಳಬೇಕು. ಫ್ಯೂಯಲ್ ಗೇಜ್ ಹಳೆಯ ಆಕಾರಕ್ಕೆ ಹೊಂದಿಸಿದ್ದಾದ್ದರಿಂದ ಸುಳ್ಳು ಹೇಳತೊಡಗುತ್ತದೆ. ಪಂಪ್ ಟ್ಯಾಂಕಿನೊಳಗೇ ಇರುವ ಬೈಕುಗಳಲ್ಲಿ ಪಂಪಿನ ತಟ್ಟೆಯನ್ನು ಹೊಸ ಟ್ಯಾಂಕಿಗೆ ವರ್ಗಾಯಿಸುವಾಗ ಹಳೆಯ ಒ ರಿಂಗನ್ನೇ ಮತ್ತೆ ಹಾಕಬಾರದು. ಇನ್ನೊಂದು ಸಂಗತಿ ಕೊಳ್ಳುವಾಗ ಯಾರೂ ಹೇಳದಿರಬಹುದು. ಚೌಕಟ್ಟಿನ ಎರಡೂ ಬದಿಗೆ ಇಳಿಬಿದ್ದ ಟ್ಯಾಂಕಿನಲ್ಲಿ ಪಂಪ್ ಅಥವಾ ಕಾಕ್ ಒಂದೇ ಬದಿಗಿದ್ದು, ಎರಡೂ ಪಾಲುಗಳನ್ನು ತಳದಲ್ಲಿ ಜೋಡಿಸುವ ಪೈಪಿಲ್ಲದಿದ್ದರೆ, ಇನ್ನೊಂದು ಬದಿಯ ಕೆಳಭಾಗದ ಪೆಟ್ರೋಲ್ ಅಲ್ಲೇ ಉಳಿದುಬಿಡುತ್ತದೆ. ಎಂಜಿನ್ ನಿಂತಾಗ ಬೈಕನ್ನು ಕಾಕ್ ಇರುವ ಬದಿಗೆ ಚೆನ್ನಾಗಿ ವಾಲಿಸಿದರೆ ಅದು ಟ್ಯಾಂಕಿನ ನಡುವಿನ ಉಬ್ಬು ದಾಟಿ ಈಚೆಗೆ ಹರಿದು ಬರುತ್ತದೆ. ಸಾಮಾನು ಹೇರಿದ ಬೈಕನ್ನು ಒಬ್ಬರೇ ಹಾಗೆ ವಾಲಿಸಲಾಗುತ್ತದೆಯೇ ಎಂಬುದನ್ನು ಮನೆಯ ಮುಂದೆಯೇ ನೋಡಿಕೊಂಡಿರಬೇಕು.

ಎರಡನೇ ಟ್ಯಾಂಕ್: ಯಾರಿಗೆ, ಎಲ್ಲಿ

ಉಳಿದದ್ದು ಬೈಕಿಗೆ ಕಾಯಂ ಆಗಿ ಕೂರಿಸಿ, ಪೈಪಿನ ಮೂಲಕ ಮುಖ್ಯ ಟ್ಯಾಂಕಿಗೆ ಜೋಡಿಸುವ ಎರಡನೇ ಟ್ಯಾಂಕ್. ಇದು ನ್ಯಾಯವಾಗಿ ಸಲ್ಲಬೇಕಾದದ್ದು ಬಂಕಿಲ್ಲದ ರಸ್ತೆಗೆ ಹೋಗುವವರಿಗಿಂತ ಹೆಚ್ಚಾಗಿ, ನಿಲ್ಲುವ ಸಮಯವನ್ನೇ ಉಳಿಸಬೇಕಾದವರಿಗೆ. ಹನ್ನೊಂದು ದಿನ ನಡೆಯುವ, ದೂರದ ಬೈಕ್ ಸವಾರಿಯ ಸ್ಪರ್ಧೆಯಾದ ಐರನ್ ಬಟ್ ರ‍್ಯಾಲಿಯಂಥ ಕಡೆ ಬಂಕುಗಳು ಬೇಕಾದಷ್ಟಿರುತ್ತವೆ, ಇಲ್ಲದಿರುವುದು ಸಮಯ. ಅಲ್ಲಿ ಎರಡೂ ಟ್ಯಾಂಕ್ ಸೇರಿ 11.5 ಅಮೆರಿಕನ್ ಗ್ಯಾಲನ್, ಅಂದರೆ ಸುಮಾರು 43.5 ಲೀಟರ್ ಮೀರಬಾರದೆಂಬ ನಿಯಮವೇ ಇದೆ. ಸಾಮಾನ್ಯ ಪ್ರವಾಸಿಗೆ ಮಾತ್ರ ಇಂಥ ಟ್ಯಾಂಕ್ ಇನ್ನೊಂದು ಬಗೆಯಲ್ಲಿ ತಿರುಗಿಬೀಳಬಹುದು: ಎಂಟುನೂರು ಕಿ.ಮೀ. ಓಡಬಲ್ಲ ಬೈಕಿನ ಮೇಲೆ ಕುಳಿತ ದೇಹ ಮೂರು ಗಂಟೆಗೊಮ್ಮೆ ಇಳಿಯಲೇಬೇಕು, ಇಳಿಸುವ ನೆಪವಾಗಿದ್ದ ಬಂಕ್ ಕೈಬಿಟ್ಟುಹೋಗಿರುತ್ತದೆ.

ಜಾಗದ ವಿಚಾರಕ್ಕೆ ಬಂದರೆ ಅಂಕಿಗಳೇ ಮಾತಾಡುತ್ತವೆ. ಪೆಟ್ರೋಲ್ ಲೀಟರಿಗೆ ಮುಕ್ಕಾಲು ಕಿಲೋ ತೂಗುತ್ತದೆ ಎಂದು ಹಿಡಿಯಬಹುದು. 15 ಲೀಟರಿನ ಟ್ಯಾಂಕಿಗೆ 11 ಕಿಲೋ ಪೆಟ್ರೋಲ್, ಅದರ ಮೇಲೆ ಟ್ಯಾಂಕ್ ಮತ್ತು ಬ್ರ್ಯಾಕೆಟ್ ಸೇರಿ 4 ಕಿಲೋ, ಒಟ್ಟು 15 ಕಿಲೋ. ಎರಡು ಆಕ್ಸಲ್‌ಗಳ ನಡುವೆ 1500 ಮಿ.ಮೀ. ಅಂತರವಿರುವ ಬೈಕಿನಲ್ಲಿ ಈ ಭಾರವನ್ನು ಹಿಂದಿನ ಆಕ್ಸಲ್‌ಗಿಂತ 300 ಮಿ.ಮೀ. ಹಿಂದೆ, ಕ್ಯಾರಿಯರಿನ ಮೇಲೆ ಇಟ್ಟರೆ ಹಿಂದಿನ ಚಕ್ರದ ಮೇಲೆ 18 ಕಿಲೋ ಏರುತ್ತದೆ, ಮುಂದಿನ ಚಕ್ರದಿಂದ 3 ಕಿಲೋ ಇಳಿಯುತ್ತದೆ. ಅದೇ ಟ್ಯಾಂಕನ್ನು ಹಿಂಬದಿ ಸವಾರರ ಸೀಟಿನ ಜಾಗದಲ್ಲಿ, ಆಕ್ಸಲ್‌ಗಿಂತ 300 ಮಿ.ಮೀ. ಮುಂದೆ ಕೂರಿಸಿದರೆ ಹಿಂದಕ್ಕೆ 12, ಮುಂದಕ್ಕೆ 3 ಕಿಲೋ ಹಂಚಿಹೋಗುತ್ತದೆ. ಮುಂದಿನ ಚಕ್ರ ಹಗುರಾದ ಬೈಕು ವೇಗದಲ್ಲಿ, ದೊಡ್ಡ ಲಾರಿಗಳ ಹಿಂದಿನ ಗಾಳಿಯಲ್ಲಿ ಹ್ಯಾಂಡಲ್ ಅಲ್ಲಾಡಿಸತೊಡಗುತ್ತದೆ. ಮೇಲೆ ಸಾಮಾನಿನ ಪೆಟ್ಟಿಗೆಯೂ ಇದ್ದರೆ ಹೇಳುವುದೇ ಬೇಡ. ಕ್ಯಾರಿಯರುಗಳು ಹೊರಬಹುದೆಂದು ತಯಾರಕರು ಕೊಡುವ ಮಿತಿ ಎಷ್ಟೋ ಬೈಕುಗಳಲ್ಲಿ ಹತ್ತು ಕಿಲೋವನ್ನೂ ಮುಟ್ಟುವುದಿಲ್ಲ, ಮತ್ತು ಮುರಿಯುವಾಗ ಕ್ಯಾರಿಯರಿಗಿಂತ ಮೊದಲು ಅದನ್ನು ಹೊತ್ತ ಸಬ್‌ಫ್ರೇಮಿನ ಬೆಸುಗೆಯೇ ಬಿರುಕು ಬಿಡಬಹುದು. ಹಾಗಾಗಿ ಒಂಟಿ ಸವಾರರಿಗೆ ಹಿಂಬದಿ ಸೀಟಿನ ಜಾಗವೇ ಸರಿ. ಇಬ್ಬರು ಹೋಗುವವರು ಎರಡನೇ ಟ್ಯಾಂಕಿನ ಆಸೆ ಬಿಟ್ಟು ಕ್ಯಾನಿಗೇ ಮರಳುವುದು ಲೇಸು.

ಒಳಗೆ ತಡೆಹಲಗೆಗಳಿಲ್ಲದ ಟ್ಯಾಂಕನ್ನು ಕೊಳ್ಳಬಾರದು. ಪೂರ್ತಿ ತುಂಬಿದಾಗ ತೆಪ್ಪಗಿರುವ ಪೆಟ್ರೋಲ್ ಅರ್ಧಕ್ಕಿಳಿದಾಗ ಬ್ರೇಕಿಗೂ ತಿರುವಿಗೂ ಒಂದು ಕ್ಷಣ ತಡವಾಗಿ ಅಪ್ಪಳಿಸುತ್ತದೆ. ಅಲ್ಯೂಮಿನಿಯಂ ಹಗುರ, ಬೇಕಾದ ಆಕಾರಕ್ಕೆ ಬರುತ್ತದೆ, ಆದರೆ ಬೆಸುಗೆಯ ಗುಣಮಟ್ಟವೇ ಅದರ ಆಯುಸ್ಸು. ಅಚ್ಚಿನಲ್ಲಿ ತಿರುಗಿಸಿ ಮಾಡಿದ ಪ್ಲಾಸ್ಟಿಕ್ ಟ್ಯಾಂಕಿಗೆ ಬೆಸುಗೆಯೇ ಇಲ್ಲ. ಫೈಬರ್‌ಗ್ಲಾಸ್ ಬೇಡ, ಎಥೆನಾಲ್ ಬೆರೆತ ಪೆಟ್ರೋಲ್ ಅದರ ಸಾಧಾರಣ ರೆಸಿನ್ನನ್ನು ಕ್ರಮೇಣ ಮೆತ್ತಗಾಗಿಸುತ್ತದೆ.

ಎರಡನೆಯದರಿಂದ ಮೊದಲನೆಯದಕ್ಕೆ

ಇಂಧನ ಇಂಜೆಕ್ಷನ್ ಇರುವ ಬೈಕಿನಲ್ಲಿ ಪಂಪ್ ಮುಖ್ಯ ಟ್ಯಾಂಕಿನೊಳಗೆ ಕುಳಿತು ಸುಮಾರು 3 ಬಾರ್ ಒತ್ತಡದಲ್ಲಿ ಇಂಜೆಕ್ಟರಿಗೆ ಪೆಟ್ರೋಲ್ ತಳ್ಳುವುದರಿಂದ ಎರಡನೇ ಟ್ಯಾಂಕನ್ನು ನೇರವಾಗಿ ಎಂಜಿನ್ನಿಗೆ ಜೋಡಿಸಲಾಗದು. ಅದು ಮುಖ್ಯ ಟ್ಯಾಂಕಿಗೇ ಸುರಿಯಬೇಕು. ಇದಕ್ಕೆ ಮೂರು ದಾರಿಗಳಿವೆ, ಮತ್ತು ಎರಡನೇ ಟ್ಯಾಂಕ್ ಹಾಕಿಸಿದವರ ಸುಖದುಃಖವೆಲ್ಲ ಈ ಆಯ್ಕೆಯಲ್ಲೇ ಇದೆ.

ತಾನಾಗಿ ಇಳಿದು ಬರುವಂತೆ ಮಾಡುವುದು ಅತಿ ಸರಳ. ಆದರೆ ಸೀಟಿನ ಮೇಲಿನ ಟ್ಯಾಂಕಿನ ತಳ ಸಾಮಾನ್ಯವಾಗಿ ಮುಖ್ಯ ಟ್ಯಾಂಕಿನ ನೆತ್ತಿಗಿಂತ ಕೆಳಗಿರುತ್ತದೆ. ಎರಡರ ಮಟ್ಟವೂ ಸಮವಾದೊಡನೆ ಹರಿವು ನಿಲ್ಲುತ್ತದೆ, ಮುಖ್ಯ ಟ್ಯಾಂಕ್ ಇಳಿದಂತೆಲ್ಲ ಸ್ವಲ್ಪಸ್ವಲ್ಪವೇ ಬರುತ್ತದೆ. ಉದ್ದನೆಯ ಏರಿನಲ್ಲಿ ಬೈಕಿನ ಹಿಂಭಾಗ ತಗ್ಗುವುದರಿಂದ ಹಿಂದಕ್ಕೇ ಹರಿಯಬಹುದಾದ್ದರಿಂದ ಒಮ್ಮುಖ ವಾಲ್ವ್ ಬೇಕು. ಟ್ಯಾಂಕ್ ಎತ್ತರದಲ್ಲಿದ್ದರೆ ತೊಂದರೆ ತದ್ವಿರುದ್ಧ: ಮುಖ್ಯ ಟ್ಯಾಂಕ್ ತುಂಬಿರುವಾಗಲೇ ಕಾಕ್ ತೆರೆದರೆ ಮೇಲಿನ ಪೆಟ್ರೋಲೆಲ್ಲ ಮುಖ್ಯ ಟ್ಯಾಂಕಿಗೆ ಗಾಳಿಯಾಡಲು ಇರುವ ಬ್ರೀದರ್ ಪೈಪಿನಿಂದ ಎಂಜಿನ್ನಿನ ಬುಡಕ್ಕೆ ಸುರಿಯುತ್ತದೆ. ಪೆಟ್ರೋಲಿನ ಆವಿಯನ್ನು ಹೀರಿಕೊಳ್ಳಲು ಇದ್ದಿಲಿನ ಡಬ್ಬಿ ಇರುವ ಬೈಕಿನಲ್ಲಿ ಆ ಪೆಟ್ರೋಲ್ ಡಬ್ಬಿಯೊಳಗೆ ನುಗ್ಗಿ ಅದನ್ನು ಕೆಡಿಸುತ್ತದೆ.

ಎರಡನೆಯ ದಾರಿ ಸೈಫನ್ನಿನದು. ಮುಖ್ಯ ಟ್ಯಾಂಕಿನ ಮುಚ್ಚಳವನ್ನು ಗಾಳಿಯಾಡದಂತೆ ಮಾಡಿ, ಅದು ಉಸಿರಾಡುವುದನ್ನು ಎರಡನೇ ಟ್ಯಾಂಕಿನ ಮೂಲಕವೇ ಮಾಡುವಂತೆ ಪೈಪ್ ಜೋಡಿಸಿದರೆ, ಎಂಜಿನ್ ಕುಡಿದಷ್ಟೂ ಹಿಂದಿನ ಪೆಟ್ರೋಲ್ ಮುಂದಕ್ಕೆ ಎಳೆದುಕೊಂಡು ಬರುತ್ತದೆ. ಮೊದಲು ಹಿಂದಿನದು ಖಾಲಿ, ಆಮೇಲೆ ಮುಂದಿನದು, ಸ್ವಿಚ್ಚಿನ ತಂಟೆಯಿಲ್ಲ. ನೋಡಲು ಸೊಗಸಾದ ಈ ಏರ್ಪಾಡು ಮುಚ್ಚಳದ ಒಂದು ಹಳೆಯ ರಬ್ಬರಿನ ಮೇಲೆ ನಿಂತಿದೆ. ಅಲ್ಲಿ ಗಾಳಿ ಒಳಬಂದರೆ ಎಳೆತ ಸತ್ತುಹೋಗುತ್ತದೆ. ನಡುವಿನ ಕಾಕ್ ಅಕಸ್ಮಾತ್ ಮುಚ್ಚಿದ್ದರೆ ಮುಖ್ಯ ಟ್ಯಾಂಕಿಗೆ ಉಸಿರಾಟವೇ ಇಲ್ಲದೆ ಒಳಗೆ ನಿರ್ವಾತ ಹುಟ್ಟಿ, ಪೆಟ್ರೋಲ್ ತುಂಬಿದ್ದರೂ ಎಂಜಿನ್ ಕುಂಟುತ್ತದೆ.

ಮೂರನೆಯದು 12 ವೋಲ್ಟಿನ ಕಡಿಮೆ ಒತ್ತಡದ ಪಂಪ್. ಟ್ಯಾಂಕ್ ಎಷ್ಟು ಎತ್ತರದಲ್ಲಿದೆ, ಏರೋ ಇಳಿಜಾರೋ ಎಂಬುದು ಇದಕ್ಕೆ ಲೆಕ್ಕವಿಲ್ಲದ್ದರಿಂದ ಇಂಜೆಕ್ಷನ್ ಬೈಕಿಗೆ ನಾನು ಸೂಚಿಸುವುದು ಇದನ್ನೇ, ಮೂರು ಷರತ್ತುಗಳೊಂದಿಗೆ. ಪಂಪಿನ ರಿಲೇಯನ್ನು ಬ್ಯಾಟರಿಗೆ ನೇರ ಜೋಡಿಸದೆ, ಬೈಕಿನ ಸ್ವಂತ ಫ್ಯೂಯಲ್ ಪಂಪಿನ ಸರ್ಕ್ಯೂಟಿನಿಂದ ಚಾಲೂ ಆಗುವಂತೆ ಮಾಡಬೇಕು. ಆಗ ಬೈಕು ಬಿದ್ದು ಸೆನ್ಸರ್ ಎಂಜಿನ್ನನ್ನು ನಿಲ್ಲಿಸಿದಾಗ ಇದೂ ನಿಲ್ಲುತ್ತದೆ. ಪಂಪಿಗಿಂತ ಮುಂಚೆ ಫಿಲ್ಟರ್ ಇರಬೇಕು. ಮತ್ತು ಸ್ವಿಚ್ಚಿನ ಬದಲು ಟೈಮರ್ ಇರಬೇಕು: ನಿಮಿಷಕ್ಕೆ ಒಂದು ಲೀಟರ್ ತಳ್ಳುವ ಪಂಪನ್ನು ಮರೆತು ಬಿಟ್ಟರೆ ಅದು ತುಂಬಿದ ಟ್ಯಾಂಕಿಗೆ ತಳ್ಳುತ್ತಲೇ ಇರುತ್ತದೆ.

ಯಾವ ದಾರಿ ಹಿಡಿದರೂ ವರ್ಗಾವಣೆಯನ್ನು ಕೊನೆಗೆ ಇಟ್ಟುಕೊಳ್ಳಬಾರದು. ಮುಖ್ಯ ಟ್ಯಾಂಕ್ ಅರ್ಧಕ್ಕಿಳಿಯುವ ಮೊದಲೇ, ಆಗಿರುವ ಜಾಗದಷ್ಟನ್ನು ತುಂಬಿಕೊಳ್ಳಲು ಶುರುಮಾಡಿದರೆ, ಪಂಪ್ ಕೈಕೊಟ್ಟಿದೆ ಎಂದು ಗೊತ್ತಾಗುವ ಹೊತ್ತಿಗೆ ಹೊರಟ ಬಂಕಿಗೆ ಮರಳುವಷ್ಟು ಪೆಟ್ರೋಲ್ ಇನ್ನೂ ಇರುವ ಸಾಧ್ಯತೆ ಹೆಚ್ಚು. ರಿಸರ್ವ್ ದೀಪ ಹತ್ತಿದ ಮೇಲೆ ಗೊತ್ತಾದರೆ ಮಾಡುವುದಕ್ಕೇನೂ ಇಲ್ಲ.

ಜೋಡಣೆಯ ಸೂಕ್ಷ್ಮಗಳು

ಪಾರದರ್ಶಕ ಪಿವಿಸಿ ಪೈಪ್ ಕೆಲವೇ ತಿಂಗಳಲ್ಲಿ ಕೊಂಬಿನಂತೆ ಗಟ್ಟಿಯಾಗಿ ಸೀಳುತ್ತದೆ. ಪೆಟ್ರೋಲಿಗೆಂದೇ ತಯಾರಾದ ಎಸ್‌ಎಇ ಜೆ30 ಆರ್9 ದರ್ಜೆಯ ಹೋಸನ್ನೇ ಹಾಕಿಸಬೇಕು. ಹಲ್ಲಿನ ಕ್ಲಿಪ್ಪು ಹೋಸನ್ನು ಕೊರೆಯುವುದರಿಂದ ಸುತ್ತ ಸಮನಾಗಿ ಬಿಗಿಯುವ ಕ್ಲಿಪ್ ಇರಲಿ. ಮುಖ್ಯ ಟ್ಯಾಂಕಿಗೆ ಹೊಸ ನಿಪ್ಪಲ್ ಬೆಸೆಯಬೇಕಾಗಿ ಬಂದರೆ, ಪೆಟ್ರೋಲ್ ಟ್ಯಾಂಕ್ ಬೆಸೆದು ಅಭ್ಯಾಸವಿರುವವರ ಬಳಿ ಮಾತ್ರ ಕೊಡಬೇಕು. ಚೆನ್ನಾಗಿ ತೊಳೆದು, ಜಡ ಅನಿಲ ತುಂಬಿ ಆವಿಯನ್ನು ಹೊರಹಾಕದ ಖಾಲಿ ಟ್ಯಾಂಕ್ ಸಿಡಿಯುತ್ತದೆ. ರಬ್ಬರ್ ಬುಷ್‌ಗಳ ಮೇಲೆ ಕೂತ ಲೋಹದ ಟ್ಯಾಂಕಿಗೂ ಫ್ರೇಮಿಗೂ ನಡುವೆ ಅರ್ಥಿಂಗ್ ತಂತಿ ಇರಲೇಬೇಕು.

ವಾಹನದ ಇಂಧನ ವ್ಯವಸ್ಥೆಯ ಮಾರ್ಪಾಡಿಗೆ ಎಷ್ಟೋ ದೇಶಗಳಲ್ಲಿ ತಪಾಸಣೆ ಮತ್ತು ನೋಂದಣಿ ಪತ್ರದಲ್ಲಿ ದಾಖಲೆ ಬೇಕು, ವಿಮೆಯೂ ಅದನ್ನೇ ಕೇಳುತ್ತದೆ. ಕ್ಯಾನ್ ಆಯ್ದುಕೊಂಡವರನ್ನು ಈ ಕಾಗದಪತ್ರ ಕಾಡುವುದಿಲ್ಲ, ಆದರೆ ಬೈಕನ್ನು ಹಡಗಿಗೆ ಹತ್ತಿಸುವಾಗ ಕ್ಯಾನ್ ಖಾಲಿ ಇರಬೇಕೆಂದು ಹೇಳುವ ಹಡಗುಗಳೇ ಹೆಚ್ಚು.

ಎರಡನೇ ಟ್ಯಾಂಕಿನ ಬ್ರೀದರ್ ಪೈಪಿನಲ್ಲಿ, ಬೈಕು ಮಗುಚಿದಾಗ ಗುಂಡು ಜಾರಿ ಬಾಯಿ ಮುಚ್ಚುವ ವಾಲ್ವ್ ಇರಬೇಕು, ಪೈಪಿನ ತುದಿ ಸೈಲೆನ್ಸರಿನಿಂದ ದೂರ, ಕೆಳಗೆ ಮತ್ತು ಹಿಂದಕ್ಕೆ ಬಿಟ್ಟಿರಬೇಕು. ವಾಲ್ವ್ ಇದೆ ಎಂಬ ಮಾತಿಗೆ ಬೆಲೆ ಕೊಡದೆ ಪರೀಕ್ಷಿಸಿಯೇ ನೋಡಿ. ಟ್ಯಾಂಕನ್ನು ಬೈಕಿಗೆ ಕೂರಿಸುವ ಮೊದಲು, ಬೆಂಕಿಯಿಂದ ದೂರವಾದ ಬಯಲಿನಲ್ಲಿ ಒಂದು ಲೀಟರ್ ಪೆಟ್ರೋಲ್ ಹಾಕಿ, ಮುಚ್ಚಳ ಬಿಗಿದು, ಎರಡೂ ಮಗ್ಗುಲಿಗೆ ಮಲಗಿಸಿ, ಕೊನೆಗೆ ಬೋರಲು ಮಾಡಿ ಐದೈದು ನಿಮಿಷ ಬಿಡಬೇಕು. ಬ್ರೀದರಿನಿಂದಾಗಲಿ ಮುಚ್ಚಳದಿಂದಾಗಲಿ ಸಣ್ಣ ಧಾರೆ ಬಂದರೂ ಟ್ಯಾಂಕನ್ನು ಹಿಂತಿರುಗಿಸಬೇಕು. ಅದರಲ್ಲಿ ಪಾಸಾದರೆ ಬೈಕಿಗೆ ಕೂರಿಸಿ, ಪೂರ್ತಿ ತುಂಬಿ, ಪ್ರತಿ ಜೋಡಣೆಯ ಕೆಳಗೆ ಒಣ ಕಾಗದ ಹಾಸಿ, ಕಿಡಿ ಸೋಕದ ತೆರೆದ ಜಾಗದಲ್ಲಿ ಒಂದು ರಾತ್ರಿ ನಿಲ್ಲಿಸಿ. ಪೆಟ್ರೋಲ್ ಬೇಗ ಆರಿಹೋಗುತ್ತದೆಯಾದ್ದರಿಂದ ಬೆಳಿಗ್ಗೆ ಕಾಗದ ಒದ್ದೆಯಾಗಿದೆಯೇ ಎಂದು ನೋಡಿದರೆ ಸಾಲದು, ಕಲೆಯ ಅಂಚು ಮೂಡಿದೆಯೇ ಎಂದು ಬೆಳಕಿಗೆ ಹಿಡಿದು ನೋಡಬೇಕು. ಮೊದಲ ಐವತ್ತು ಕಿಲೋಮೀಟರಿನ ನಂತರ ಕ್ಲಿಪ್ಪುಗಳನ್ನೂ ಬ್ರ್ಯಾಕೆಟ್ಟಿನ ಬೋಲ್ಟುಗಳನ್ನೂ ಇನ್ನೊಮ್ಮೆ ಬಿಗಿದುಕೊಳ್ಳಬೇಕು.